ಸಂಘದ ಅಂಕಪಟ್ಟಿಯೂ ನಮ್ಮ ಕಾರ್ಯದರ್ಶಿಗಳೂ



ಕನ್ನಡ ನಾಡಿನಲ್ಲಿ ಸಹಕಾರ ಮೊದಲು ಬೇರೂರಿದ್ದು 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ, ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಇಂದು 1959ರ ಸಹಕಾರ ಸಂಘಗಳ ಕಾಯ್ದೆಯಂತೆ ಪ್ರತಿ ವರ್ಷ ಆಡಿಟ್ ಆಗಿ ಸಂಘಕ್ಕೆ ಎ, ಬಿ, ಸಿ, ಡಿ ಎಂದು ವರ್ಗ ಸಿಗುತ್ತದೆ. ನಾವು ಎಸ್ಸೆಸ್ಸೆಲ್ಸಿಯಲ್ಲಿ ಪಡೆದ ಅಂಕಪಟ್ಟಿ ಇದ್ದ ಹಾಗೆ.

ಈ ಅಂಕಪಟ್ಟಿಯ ಹೊರೆ ಹೊರುವವರು ನಿರ್ದೇಶಕರಾದ ನಾವಲ್ಲ, ಕಾರ್ಯದರ್ಶಿಗಳು. (ಈಗ ಸಿಇಒ ಅಂತಾರೆ, ಊರಿಗೆ ಮಾತ್ರ ಕಾರ್ಯದರ್ಶಿಯೇ.) ಮೇಲೆ ಬ್ಯಾಂಕು, ಕೆಳಗೆ ನಾವು ರೈತರು, ನಡುವೆ ಅವರು. ನಮ್ಮ ಹೋಬಳಿಯ ಕಾರ್ಯದರ್ಶಿಗಳನ್ನು, ಮೇಲ್ವಿಚಾರಕರನ್ನು ಕೂರಿಸಿ ಮಾತಾಡಿಸಿದೆವು. ಅಳೀಬೇಡಿ ಅಂತ ಒಬ್ಬರೂ ಅನ್ನಲಿಲ್ಲ. ಒಂದೇ ದಿನ ನೋಡಿ ಅಳೀಬೇಡಿ ಅಂದರು.

ಆ ದಿನ ಮಾರ್ಚ್ 31. ವಸೂಲಾತಿ ಶೇಕಡಾ ಎಷ್ಟು ಎಂಬ ಪ್ರಶ್ನೆ ಬಂದೊಡನೆ ರೈತ ಕೈಸಾಲ ತಂದು ಹಳೇ ಸಾಲ ಕಟ್ಟುತ್ತಾನೆ. ಹೊಸ ಸಾಲ ಬಂದ ಮೇಲೆ ಕೈಸಾಲ ತೀರಿಸುತ್ತಾನೆ. ಪುಸ್ತಕದಲ್ಲಿ ಪೂರ್ತಿ ವಸೂಲಿ, ಮನೆಯಲ್ಲಿ ನಾಲ್ಕು ದಿನದ ಬಡ್ಡಿ. ನಾವೂ ಹಾಗೆ ಕಟ್ಟಿದವರೇ, ಮುಚ್ಚಿಡೋದೇನಿದೆ. ಗಡುವು ತಪ್ಪಿದರೆ ಶೂನ್ಯ ಬಡ್ಡಿಯ ಅನುಕೂಲ ತಪ್ಪುತ್ತದೆ, ಸುಸ್ತಿದಾರ ಎಂಬ ಹೆಸರೂ ಬರುತ್ತದೆ.

ಇನ್ನೊಂದು ಮಾತು ನಮಗೆ ನಾಟಿತು. ಶೇಕಡಾ ಇಳಿಯಬಾರದೆಂದರೆ ಮಳೆ ನಂಬಿದ ಕಡಲೇಕಾಯಿ ಹೊಲದವನಿಗಿಂತ ಬೋರ್‌ವೆಲ್ ಇರುವವನಿಗೆ ಸಾಲ ಕೊಡುವುದೇ ಸಲೀಸು. ಅಂಕ ಹೆಚ್ಚುತ್ತದೆ, ಸಂಘ ಯಾರಿಗಾಗಿ ಹುಟ್ಟಿತೋ ಅವರು ಹೊರಗೆ ನಿಲ್ಲುತ್ತಾರೆ. 2017ರಲ್ಲಿ 50 ಸಾವಿರ, 2018ರಲ್ಲಿ 1 ಲಕ್ಷ ರೂಪಾಯಿವರೆಗೆ ಸಹಕಾರಿ ಬೆಳೆಸಾಲ ಮನ್ನಾ ಆಯಿತು. ಮನ್ನಾ ಸುದ್ದಿ ಹಬ್ಬಿದರೆ ಕಟ್ಟುವವರೂ ಕೈ ಹಿಂದೆ ಇಡುತ್ತಾರೆ. ಅದು ಕಾರ್ಯದರ್ಶಿಯ ತಪ್ಪೇ?

2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಹಿರಿಯ ಕಾರ್ಯದರ್ಶಿಗಳಿಗೆ ಮೊದಲು ಭಯ: ಲೆಡ್ಜರೂ ಬರೀಬೇಕು, ಕಂಪ್ಯೂಟರಿಗೂ ತುಂಬಬೇಕು. ಕಿರಿಯರು ಮಾತ್ರ, ದಿನದ ಲೆಕ್ಕ ದಿನವೇ ಕಾಣಿಸಿದರೆ ಮಾರ್ಚಿನ ಗಡಿಬಿಡಿ ತಗ್ಗೀತು ಎನ್ನುತ್ತಾರೆ.

ನಮ್ಮ ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿದೆ. ಇನ್ನು ಮುಂದೆ ಸರ್ವ ಸದಸ್ಯರ ಸಭೆಯಲ್ಲಿ ವಸೂಲಾತಿ ಶೇಕಡಾ ಓದಿದ ಮೇಲೆ, ಆ ವರ್ಷ ಮೊದಲ ಬಾರಿ ಸಾಲ ಪಡೆದ ಖುಷ್ಕಿ ರೈತರೆಷ್ಟು ಎಂಬುದನ್ನೂ ಓದಬೇಕು. ಆ ಸಂಖ್ಯೆ ಕಡಿಮೆ ಇದ್ದರೆ ಕಾರ್ಯದರ್ಶಿಯವರನ್ನು ನಿಲ್ಲಿಸಿ ಕೇಳಬೇಡಿ, ವೇದಿಕೆ ಮೇಲೆ ಕೂತ ನಮ್ಮನ್ನು ಕೇಳಿ.