ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸಮುದಾಯ ಕೆರೆ ನಿರ್ವಹಣೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸಮುದಾಯ ಕೆರೆ ನಿರ್ವಹಣೆ ಎಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಕೆರೆಗಳ ಪಾಲನೆಯಲ್ಲಿ ರೈತರು, ಗ್ರಾಮಸ್ಥರು ಹಾಗೂ ಕೆರೆದಡದ ಬಡಾವಣೆಗಳ ನಿವಾಸಿಗಳ ಸಂಘಗಳು ಪಾಲ್ಗೊಳ್ಳುವ ವ್ಯವಸ್ಥೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲದ ಮರುಪೂರಣಕ್ಕೆ ಕೆರೆಗಳೇ ಮುಖ್ಯ ಆಸರೆಯಾಗಿವೆ.

ಹಿನ್ನೆಲೆ

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ ನದಿಗಳ ಜಲಾನಯನ ಪ್ರದೇಶದಲ್ಲಿ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತದೆ. ಹಿಂದೆ ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಂಚುವ ಕೆಲಸ ನೀರುಗಂಟಿಯದಾಗಿತ್ತು. ಹೂಳು ತೆಗೆಯುವುದು, ಏರಿ ಭದ್ರಪಡಿಸುವುದು ಊರಿನವರ ಹೊಣೆಯಾಗಿತ್ತು. ಕೊಳವೆಬಾವಿಗಳು ಹೆಚ್ಚಿ, ಅಚ್ಚುಕಟ್ಟು ಜಮೀನುಗಳು ಬಡಾವಣೆಗಳಾದಂತೆ ಈ ಪದ್ಧತಿ ಕ್ಷೀಣಿಸಿತು.

ರಾಜ್ಯಮಟ್ಟದಲ್ಲಿ ಸಮುದಾಯದ ಪಾತ್ರವನ್ನು ಮರಳಿ ತರಲು 2000ದಲ್ಲಿ ಜಲಸಂವರ್ಧನೆ ಯೋಜನಾ ಸಂಘ ಸ್ಥಾಪನೆಯಾಯಿತು. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಅದು ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತು.

ಕಾನೂನು ಮತ್ತು ಒಡೆತನ

ಸರ್ಕಾರಿ ಕೆರೆಯ ಅಂಗಳ ಸಾರ್ವಜನಿಕ ಸ್ವತ್ತು. ದಡದಲ್ಲಿ ಮನೆ ಹೊಂದಿರುವುದರಿಂದ ಕೆರೆಯ ಮೇಲೆ ಯಾವುದೇ ಒಡೆತನ ದೊರೆಯುವುದಿಲ್ಲ. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ಸಂಸ್ಥೆಗಳಿಗೂ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೂ ಸೇರಿವೆ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆಯು ಒತ್ತುವರಿ ಮತ್ತು ತ್ಯಾಜ್ಯ ಸುರಿಯುವುದನ್ನು ನಿಷೇಧಿಸುತ್ತದೆ.

ನಿವಾಸಿಗಳ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅಥವಾ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ರಚನೆಯಾಗುತ್ತವೆ. ಕೆರೆಯಲ್ಲಿ ಕಾಮಗಾರಿ ಕೈಗೊಳ್ಳಲು ಅವು ಸಂಬಂಧಪಟ್ಟ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಬೇಕು. ನೆರೆಯ ಬೆಂಗಳೂರು ನಗರದ ಪುಟ್ಟೇನಹಳ್ಳಿ ಕೆರೆಯ ನಿವಾಸಿಗಳ ಟ್ರಸ್ಟ್ 2011ರಲ್ಲಿ ಬಿಬಿಎಂಪಿಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯ ಹೊಣೆ ಹೊತ್ತಿತು.

ಕೆರೆಯಂಚಿನ ಮೀಸಲು ವಲಯವೂ ವಿವಾದದ ವಿಷಯವಾಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಮೀಸಲು ವಲಯ ನಿಗದಿಪಡಿಸಿತ್ತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಗೊಳಿಸಿತು.

ಪಾಲನೆಯ ಕಾರ್ಯಗಳು

ಸಂಘದ ಮೊದಲ ಹೊಣೆ ತನ್ನ ಬಡಾವಣೆಯ ಕೊಳಚೆ ಕೆರೆ ಸೇರದಂತೆ ತಡೆಯುವುದು. ಇದಕ್ಕಾಗಿ ಸಂಸ್ಕರಣಾ ಘಟಕ ನಿರಂತರವಾಗಿ ನಡೆಯಬೇಕು ಮತ್ತು ಮಳೆನೀರಿನ ಚರಂಡಿ ಹಾಗೂ ಒಳಚರಂಡಿ ಬೇರೆಬೇರೆಯಾಗಿರಬೇಕು. ಕೊಳಚೆಯಲ್ಲಿನ ಸಾರಜನಕ ಮತ್ತು ರಂಜಕ ಪಾಚಿ, ಅಂತರಗಂಗೆಯಂತಹ ಜಲಕಳೆಗಳಿಗೆ ಗೊಬ್ಬರವಾಗುತ್ತವೆ. ಕಳೆ ಕೊಳೆತಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಆದ್ದರಿಂದ ಕೊಳಚೆ ನಿಲ್ಲಿಸದೆ ಕಳೆಯನ್ನಷ್ಟೇ ತೆಗೆದರೆ ಅದು ಮತ್ತೆ ಬೆಳೆಯುತ್ತದೆ.

ಮಳೆಗಾಲಕ್ಕೆ ಮುನ್ನ ರಾಜಕಾಲುವೆಯ ಕಸ ತೆಗೆಸುವುದು, ಕೋಡಿಯನ್ನು ಅಡೆತಡೆಯಿಲ್ಲದಂತೆ ಇಡುವುದು ಮತ್ತು ಏರಿಯ ಬಿರುಕುಗಳನ್ನು ಇಲಾಖೆಗೆ ವರದಿ ಮಾಡುವುದು ಇತರ ಕಾರ್ಯಗಳು. ಹೂಳೆತ್ತುವಾಗ ಅಂಚಿನ ಆಳವಿಲ್ಲದ ಭಾಗವನ್ನು ಉಳಿಸಿದರೆ ನೀರುಹಕ್ಕಿಗಳಿಗೆ ಆಹಾರದ ನೆಲೆ ಸಿಗುತ್ತದೆ. ನಡಿಗೆ ಪಥ ಮತ್ತು ಬೇಲಿ ನಿರ್ಮಿಸುವಾಗ ದನಗಾಹಿಗಳು, ಮೀನುಗಾರರು ಮತ್ತು ರೈತರ ದಾರಿ ಮುಚ್ಚದಂತೆ ನೋಡಿಕೊಳ್ಳಬೇಕಾಗುತ್ತದೆ.

ಸವಾಲುಗಳು

ಮಾಲಿನ್ಯದ ಮೂಲ ಹಲವು ವೇಳೆ ಸಂಘದ ವ್ಯಾಪ್ತಿಯ ಹೊರಗಿರುತ್ತದೆ. ದೊಡ್ಡಬಳ್ಳಾಪುರ ನಗರದ ಕೊಳಚೆ ಮತ್ತು ಬಾಶೆಟ್ಟಿಹಳ್ಳಿ ಭಾಗದ ಕೈಗಾರಿಕಾ ತ್ಯಾಜ್ಯದಿಂದ ಚಿಕ್ಕತುಮಕೂರು ಹಾಗೂ ದೊಡ್ಡತುಮಕೂರು ಕೆರೆಗಳು ಕಲುಷಿತಗೊಂಡಿವೆ ಎಂದು ಆರೋಪಿಸಿ ಅಲ್ಲಿನ ಗ್ರಾಮಸ್ಥರು ಹೋರಾಟ ನಡೆಸಿದ್ದಾರೆ. ಇಂತಹ ಪ್ರಕರಣಗಳಲ್ಲಿ ಒಂದೇ ಕೆರೆಯ ಶುಚಿತ್ವ ಪರಿಹಾರವಾಗದು. ಸರಪಳಿಯ ಎಲ್ಲ ಊರುಗಳು, ನಗರಸಭೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಒಟ್ಟಾಗಿ ಕ್ರಮ ಕೈಗೊಳ್ಳಬೇಕಾಗುತ್ತದೆ.

ಕೆರೆಯ ನೀರು ಕುಡಿಯುವ ನೀರಿನೊಂದಿಗೂ ನಂಟು ಹೊಂದಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ದೇವನಹಳ್ಳಿ ಭಾಗದ ಕೆರೆಗಳಿಗೆ ಹರಿಸಲಾಗುತ್ತಿದೆ. ದೇವನಹಳ್ಳಿಯ ಸಿಹಿನೀರು ಕೆರೆಯ ಬಳಿಯ ಹಳೆಯ ತೆರೆದ ಬಾವಿಯನ್ನು ಪುನಶ್ಚೇತನಗೊಳಿಸಿ, ಅದರ ನೀರನ್ನು ಶುದ್ಧೀಕರಿಸಿ ಪಟ್ಟಣಕ್ಕೆ ಪೂರೈಸುವ ವ್ಯವಸ್ಥೆ ರೂಪಿಸಲಾಗಿದೆ. ಹೀಗಾಗಿ ಕೆರೆ ಮತ್ತು ಬಾವಿಗಳ ನೀರಿನ ಗುಣಮಟ್ಟದ ನಿಯಮಿತ ಪರೀಕ್ಷೆ ಸಮುದಾಯ ನಿರ್ವಹಣೆಯ ಅಗತ್ಯ ಭಾಗವಾಗಿದೆ.