ಕಾರಿನ ದೀಪಕ್ಕೆ ಬಂದ ಪೊರೆ

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ ಹೆಬ್ಬೂರು ಸಿಗುತ್ತದೆ. ಅಲ್ಲಿ ರಸ್ತೆ ಬದಿ ನಿಂತ ಕಾರುಗಳ ಹೆಡ್‌ಲೈಟುಗಳನ್ನು ಗಮನಿಸಿ. ಹತ್ತು ವರ್ಷ ಬಿಸಿಲು ಕಂಡ ಕಾರಿನ ದೀಪ ಹಳದಿಗಟ್ಟಿ, ಕಣ್ಣಿಗೆ ಪೊರೆ ಬಂದಂತೆ ಮಬ್ಬಾಗಿರುತ್ತದೆ. ಅದಕ್ಕಿಂತ ಬಹು ಹಳೆಯದಾದ ಅಂಬಾಸಿಡರ್ ಕಾರಿನ ದುಂಡು ದೀಪದ ಗಾಜನ್ನು ಒರೆಸಿದರೆ ಸಾಕು, ತಿಳಿಯಾಗಿ ಕಾಣುತ್ತದೆ. ಹಳೆಯದು ತಿಳಿ, ಹೊಸದು ಮಬ್ಬು! ಇದೇಕೆ ಹೀಗೆ? ಉತ್ತರ ದೀಪದ ಚರಿತ್ರೆಯಲ್ಲಿದೆ.

ಗಾಜು ಹೋಗಿ ಪ್ಲಾಸ್ಟಿಕ್ ಬಂತು

20ನೆಯ ಶತಮಾನದ ಆರಂಭದ ಮೋಟಾರುಗಳಲ್ಲಿ ಅಸಿಟಿಲೀನ್ ದೀಪಗಳಿದ್ದವು. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿಸಿ ಪಡೆದ ಅನಿಲ ಅವುಗಳಲ್ಲಿ ಉರಿಯುತ್ತಿತ್ತು. ಜ್ವಾಲೆಯ ಶಾಖ ತಾಳಲು ಗಾಜೇ ಬೇಕಿತ್ತು. ವಿದ್ಯುತ್ ದೀಪ ಬಂದ ಮೇಲೂ ಗಾಜೇ ಮುಂದುವರಿಯಿತು. 1940ರಿಂದ ಅಮೆರಿಕದ ಕಾರುಗಳಲ್ಲಿ ತಂತು, ಪ್ರತಿಫಲಕ, ಗಾಜು ಮೂರನ್ನೂ ಒಂದೇ ಘಟಕವಾಗಿಸಿದ ‘ಸೀಲ್ಡ್ ಬೀಮ್’ ದೀಪ ಬಳಕೆಗೆ ಬಂತು.

1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ, ಪಾಲಿಕಾರ್ಬನೇಟ್ ಎಂಬ ಪಾರಕ ಪ್ಲಾಸ್ಟಿಕ್ ತಯಾರಿಸಿದರು. ಇದರ ಸಾಂದ್ರತೆ ಗಾಜಿನ ಸುಮಾರು ಅರ್ಧದಷ್ಟು. ಕಲ್ಲು ಬಡಿದರೂ ಚೂರಾಗದು. ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಗಾಳಿಯನ್ನು ಸೀಳಿ ಸಾಗುವ ಕಾರುಗಳಿಗೆ ಇದೇ ಬೇಕಿತ್ತು. 1983ರಲ್ಲಿ ಅಮೆರಿಕ ಹೊಸ ಬಗೆಯ ದೀಪಗಳಿಗೆ ಅನುಮತಿ ನೀಡಿತು. ಮುಂದೆ ಇದು ಯುರೋಪಿಗೂ ನಮ್ಮ ದೇಶಕ್ಕೂ ಹರಡಿತು.

ಬಿಸಿಲಿನ ಏಟು

ಪಾಲಿಕಾರ್ಬನೇಟಿಗೆ ಎರಡು ದೌರ್ಬಲ್ಯಗಳಿವೆ: ಮೇಲ್ಮೈ ಮೆದು, ನೇರಳಾತೀತ ಕಿರಣವನ್ನು ತಾಳದು. 300 ನ್ಯಾನೊಮೀಟರ್ ಅಲೆಯುದ್ದದ ಫೋಟಾನಿನ ಶಕ್ತಿ ಸುಮಾರು 4.1 ಎಲೆಕ್ಟ್ರಾನ್ ವೋಲ್ಟ್. ಕಾರ್ಬನ್-ಕಾರ್ಬನ್ ಏಕಬಂಧ ಮುರಿಯಲು ಸುಮಾರು 3.6 ಸಾಕು. ಅಣುಸರಪಳಿ ತುಂಡಾಗಿ, ಆಕ್ಸಿಜನ್ ಸೇರಿ, ನೀಲಿ ಬೆಳಕನ್ನು ಹೀರುವ ವಸ್ತುಗಳು ಉಂಟಾಗುತ್ತವೆ. ಹಾಗಾಗಿ ದೀಪ ಹಳದಿಯಾಗಿ ಕಾಣುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಕೆಲವೇ ಮೈಕ್ರೊಮೀಟರ್ ದಪ್ಪದ ರಕ್ಷಾಲೇಪ ಕೊಟ್ಟಿರುತ್ತಾರೆ. ಹೆಬ್ಬೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ, ವರ್ಷಕ್ಕೆ ಎರಡು ಬಾರಿ, ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಇಂಥ ಕಡೆ ಆ ಲೇಪ ಬೇಗ ಸವೆಯುತ್ತದೆ.

ಇದು ಬರಿಯ ಅಂದಚೆಂದದ ಮಾತಲ್ಲ. ಮಬ್ಬಾದ ಮೇಲ್ಮೈ ಬೆಳಕನ್ನು ಎಲ್ಲೆಡೆಗೆ ಚದುರಿಸುತ್ತದೆ. ರಸ್ತೆಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ತೋಟದಿಂದ ಮನೆಗೆ ನಡೆದು ಹೋಗುವವರು ಒಂದು ಸೆಕೆಂಡ್ ತಡವಾಗಿ ಕಂಡರೆ ಏನಾದೀತು, ಯೋಚಿಸಿ.

ನೀರಿನ ಪರೀಕ್ಷೆ

ಮಬ್ಬು ದೀಪದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಬಹುಪಾಲು ತಿಳಿಯಾದರೆ ದೋಷ ಹೊರಮೈಯಲ್ಲಿದೆ ಎಂದರ್ಥ. ನೀರು ಗೀರುಗಳನ್ನು ತುಂಬುತ್ತದೆ. ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ಪಾಲಿಕಾರ್ಬನೇಟಿನದು 1.58. ವ್ಯತ್ಯಾಸ ತಗ್ಗಿದಷ್ಟೂ ಚದರಿಕೆ ತಗ್ಗುತ್ತದೆ. ಕೊಬ್ಬರಿ ಎಣ್ಣೆಯದು ಸುಮಾರು 1.45, ಅದನ್ನು ಸವರಿದರೆ ದೀಪ ಇನ್ನೂ ಹೊಳೆಯುತ್ತದೆ. ಆದರೆ ಎಣ್ಣೆಗೆ ಧೂಳು ಮೆತ್ತುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಅದು ಪರೀಕ್ಷೆಯೇ ಹೊರತು ಪರಿಹಾರವಲ್ಲ. ನೀರು ಸುರಿದರೂ ಮಬ್ಬು ಹಾಗೇ ಇದ್ದರೆ ಒಳಗೆ ತೇವ ಸೇರಿರಬಹುದು ಅಥವಾ ಬಿರುಕು ಆಳಕ್ಕಿಳಿದಿರಬಹುದು. ಆಗ ಹೊರಗಿನಿಂದ ಉಜ್ಜಿ ಫಲವಿಲ್ಲ.

ನ್ಯೂಟನ್ ಕಂಡ ಹೊಳಪು

ಹೊಳಪೆಂದರೇನು? ದರ್ಪಣಗಳನ್ನು ತಾನೇ ಉಜ್ಜಿದ್ದ ನ್ಯೂಟನ್ 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ: ಉಜ್ಜುವುದರಿಂದ ಗೀರುಗಳು ಇಲ್ಲವಾಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತವೆ. 1901ರಲ್ಲಿ ಲಾರ್ಡ್ ರ್‍ಯಾಲೆ ಇದನ್ನು ತಿದ್ದಿದ. ಕೊನೆಯ ಹಂತದ ಹೊಳಪಿನಲ್ಲಿ ವಸ್ತು ಚೂರುಚೂರಾಗಿ ಅಲ್ಲ, ಅಣುಗಳ ಮಟ್ಟದಲ್ಲೇ ಸವೆಯುತ್ತದೆ ಎಂಬುದು ಅವನ ವಾದ. ಗೀರು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದಾಗ ಬೆಳಕು ಅದನ್ನು ಲೆಕ್ಕಿಸುವುದಿಲ್ಲ.

ನೀವು ಮನೆಯಲ್ಲಿ ಮಾಡಬೇಕಾದದ್ದೂ ಇದನ್ನೇ. ದೀಪವನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಸುತ್ತಲಿನ ಬಣ್ಣಕ್ಕೆ ಅಂಟುಪಟ್ಟಿ ಹಚ್ಚಿ. 800, 1500, 2000 ಸಂಖ್ಯೆಯ ವಾಟರ್ ಪೇಪರುಗಳಿಂದ ಕ್ರಮವಾಗಿ, ನೀರು ಹನಿಸುತ್ತ ಉಜ್ಜಿ. 800ರ ಕಣ ಸುಮಾರು 22 ಮೈಕ್ರೊಮೀಟರ್, 2000ದ್ದು ಸುಮಾರು 10. ಪ್ರತಿ ಹಂತವೂ ಹಿಂದಿನ ಗೀರುಗಳನ್ನು ಪೂರ್ತಿ ಅಳಿಸಬೇಕು. ಕೊನೆಗೆ ಪಾಲಿಷ್ ಹಚ್ಚಿ ಮೆದು ಬಟ್ಟೆಯಿಂದ ತಿಕ್ಕಿ. ಹಲ್ಲುಪೇಸ್ಟಿನಲ್ಲೂ ಉಜ್ಜುವ ಕಣಗಳಿರುವುದರಿಂದ ಅದು ತುಸು ಕೆಲಸ ಮಾಡುತ್ತದೆ. ಪೆಟ್ರೋಲ್, ತಿನ್ನರ್ ಮಾತ್ರ ಬೇಡ. ಪಾಲಿಕಾರ್ಬನೇಟ್ ಬಿರುಕು ಬಿಡುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಉಜ್ಜುವಾಗ ಉಳಿದಿದ್ದ ರಕ್ಷಾಲೇಪವೂ ಹೋಗಿ, ಪ್ಲಾಸ್ಟಿಕ್ ಬಿಸಿಲಿಗೆ ಬತ್ತಲಾಗಿರುತ್ತದೆ. ಕೆಲವೇ ತಿಂಗಳಲ್ಲಿ ಪೊರೆ ಮರಳೀತು. ನೇರಳಾತೀತ ಕಿರಣ ತಡೆಯುವ ಪಾರಕ ಲೇಪವನ್ನು ಗಾಳಿಯಾಡುವ ಕಡೆ, ಮುಖಕ್ಕೆ ಮಾಸ್ಕ್ ಧರಿಸಿ, ಒಣಗಿದ ದೀಪಕ್ಕೆ ಕೊಡಿ. ಗಾಜನ್ನು ಬಿಟ್ಟು ಪ್ಲಾಸ್ಟಿಕ್ಕನ್ನು ಆರಿಸಿಕೊಂಡಾಗಲೇ ಈ ತೆಳು ಪದರವನ್ನು ಕಾಯುವ ಹೊಣೆಯೂ ನಮ್ಮ ಪಾಲಿಗೆ ಬಂದಿದೆ.