ಹಿಡಿಯುವ ಕೈ, ತೂಗುವ ಕೈ

ಹಂಪೆಯ ಹಾಳುಗಳನ್ನು ನೋಡಹೋದ ನಾವು ಗುಡಿಗೋಪುರಗಳನ್ನು ಮೆಚ್ಚಿ ಹಿಂತಿರುಗುತ್ತೇವೆ. ಆ ಪಟ್ಟಣದಲ್ಲಿ ಕಳವಾದರೆ ಏನು ನಡೆಯುತ್ತಿದ್ದಿತೆಂದು ಕೇಳುವವರು ವಿರಳ. ಶಿಕ್ಷೆಯ ಕಥೆಗಳನ್ನು ಎಲ್ಲರೂ ಬಲ್ಲರು. ಆದರೆ ಶಿಕ್ಷೆಗೆ ಮುಂಚಿನ ವಿಚಾರಣೆಯ ಕ್ರಮವೇ ಪ್ರಜೆಗೆ ನಿಜವಾದ ರಕ್ಷೆ.

1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಕಂಬಗಳ ಚಾವಡಿಯಲ್ಲಿ ದಣ್ಣಾಯಕನು ಕುಳಿತು ಪ್ರಜೆಗಳ ಅಹವಾಲು ಕೇಳುತ್ತಿದ್ದುದನ್ನು ವರ್ಣಿಸಿದ್ದಾನೆ. ಅಚ್ಯುತರಾಯನ ಕಾಲದ ಪೋರ್ಚುಗೀಸ ನೂನಿಜನು ಮತ್ತೊಂದು ಮುಖವನ್ನು ತೋರಿಸುತ್ತಾನೆ. ಕಳವಿನ ದೂರು ಬಂದರೆ ಅರಸನು ಆ ಸೀಮೆಯ ನಾಯಕನನ್ನೇ ಕರೆಸುವನು. ಕಳ್ಳನು ಸಿಕ್ಕದಿದ್ದರೆ ನಾಯಕನ ಸ್ವತ್ತಿಗೇ ಸಂಚಕಾರ. ಸಣ್ಣ ಕಳವಿಗೂ ಕೈಕಾಲು ಕತ್ತರಿಸುತ್ತಿದ್ದರು. ಇದರಿಂದ ಕಳ್ಳರು ಕಡಮೆಯೆಂಬುದು ಅವನ ಮತ. ಇರಬಹುದು. ಆದರೆ ತನ್ನ ಸ್ವತ್ತನ್ನು ಉಳಿಸಿಕೊಳ್ಳಲು ಯಾರನ್ನಾದರೂ ಒಪ್ಪಿಸಲೇಬೇಕಾದ ನಾಯಕನ ಕೈಗೆ ಸಿಕ್ಕಿದ ನಿರಪರಾಧಿಯ ಗತಿಯೇನು?

1800ರಲ್ಲಿ ಹೊಸಪೇಟೆ, ಕಂಪ್ಲಿಗಳು ಬಳ್ಳಾರಿಯ ಸೀಮೆಯೊಡನೆ ಕುಂಪಣಿಯ ವಶವಾದುವು. ಇಲ್ಲಿ ಏಳು ವರ್ಷ ಆಳಿದ ಥಾಮಸ್ ಮನ್ರೋ ಸಾಹೇಬನ ಅಭಿಪ್ರಾಯದಂತೆ 1816ರ ಮದರಾಸಿನ ಕಾಯಿದೆಗಳು ಪೋಲೀಸನ್ನೂ ಮ್ಯಾಜಿಸ್ಟ್ರೇಟಿಕೆಯನ್ನೂ ಕಲೆಕ್ಟರನಿಗೇ ವಹಿಸಿದುವು. ಹಿಡಿಯುವ ಕೈಯೂ ತೂಗುವ ಕೈಯೂ ಮತ್ತೆ ಒಂದಾದುವು. 1861ರಲ್ಲಿ ದಂಡಪ್ರಕ್ರಿಯೆಗೆ ಲಿಖಿತ ಸಂಹಿತೆ ಬಂದಿತು. 1872, 1882, 1898ರಲ್ಲಿ ಅದನ್ನು ಹೊಸದಾಗಿ ರಚಿಸಿದರು. ನೆರೆಯ ಸೊಂಡೂರು ಮಾತ್ರ ಘೋರ್ಪಡೆ ಅರಸರ ಸಂಸ್ಥಾನ. ಹೊಸಪೇಟೆಯ ಮ್ಯಾಜಿಸ್ಟ್ರೇಟರ ಅಧಿಕಾರವು ಅದರ ಎಲ್ಲೆಯಲ್ಲೇ ನಿಲ್ಲುತ್ತಿದ್ದಿತು. ಆ ಎಲ್ಲೆ 1949ರ ವಿಲೀನದೊಡನೆ ಅಳಿಯಿತು. ಎರಡು ಕೈಗಳನ್ನು ಬೇರ್ಪಡಿಸಿ, ವಿಚಾರಣೆಯನ್ನು ಹೈಕೋರ್ಟಿನ ಅಧೀನದ ಮ್ಯಾಜಿಸ್ಟ್ರೇಟರಿಗೆ ದೇಶಾದ್ಯಂತ ಒಪ್ಪಿಸಿದುದು 1973ರ ಸಂಹಿತೆ.

ಅದರ ಸ್ಥಾನಕ್ಕೆ 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಶೋಧನೆಯನ್ನು ಧ್ವನಿಚಿತ್ರದಲ್ಲಿ ದಾಖಲಿಸಬೇಕೆಂಬ ಅದರ ವಿಧಿ ಮೆಚ್ಚತಕ್ಕುದೇ. ಆದರೆ ಹಿಂದೆ ಬಂಧನದ ಮೊದಲ 15 ದಿನಗಳೊಳಗೇ ಮುಗಿಯಬೇಕಾಗಿದ್ದ ಪೋಲೀಸು ವಶವನ್ನು ಈಗ ಮೊದಲ 40 ಅಥವಾ 60 ದಿನಗಳಲ್ಲಿ ಹಂಚಿ ಪಡೆಯಬಹುದು. ದಂಡಪ್ರಕ್ರಿಯೆಯು ಸಮವರ್ತಿ ಪಟ್ಟಿಯ ವಿಷಯವಾದುದರಿಂದ, ರಾಷ್ಟ್ರಪತಿಗಳ ಅನುಮತಿ ದೊರೆತರೆ ರಾಜ್ಯವೂ ತಿದ್ದಬಹುದು. ಕರ್ನಾಟಕ ಸರ್ಕಾರವು ಆ ವರ್ಷವೇ ಅಂಥ ತಿದ್ದುಪಡಿಯ ಮಾತನ್ನೆತ್ತಿತು.

ಇಂಥ ಯಾವ ಮಸೂದೆ ಬಂದರೂ, ಅದು ಎಷ್ಟು ಬೇಗ ಕಳ್ಳನನ್ನು ಹಿಡಿದುಕೊಡುವುದೆಂದು ಮಾತ್ರ ನಾವು ಕೇಳಿದರೆ ಸಾಲದು. ಕಳ್ಳನಲ್ಲದವನು ಸಿಕ್ಕಿಬಿದ್ದಾಗ ಅವನ ಮಾತನ್ನು ಕೇಳುವವರಾರು, ಎಷ್ಟು ದಿನಗಳೊಳಗೆ ಕೇಳುವರು ಎಂಬುದನ್ನೂ ಕೇಳಬೇಕು. ನೂನಿಜನು ಕೇಳದೆ ಬಿಟ್ಟ ಪ್ರಶ್ನೆ ಅದೇ.